ಬಿರುಕು ಬಿಟ್ಟ ಅಕ್ಷರ ಇದ್ದರೆ ಮೆಟಲ್ ಪತ್ರಿಕೆಯೇ?

ಅಚ್ಚುಮೊಳೆ: ಮೆಟಲ್ (ಅಬ್ಬರದ ರಾಕ್ ಸಂಗೀತ) ಪತ್ರಿಕೆಗೆ ಮಾಸ್ಟ್‌ಹೆಡ್, ಅಂದ್ರೆ ಮುಖಪುಟದ ಮೇಲಿನ ಹೆಸರಿನ ಅಕ್ಷರ, ಅಂದ ಕೂಡಲೇ ಎಲ್ಲರೂ 'ಕೆರಾಂಗ್!' ಪತ್ರಿಕೆ ನೋಡಿ, ಒಡೆದ ಗಾಜಿನಂಥ ಫಾಂಟ್ ಇಳಿಸಿಕೊಂಡು ಹೆಸರು ಕೂರಿಸ್ತಾರೆ. 1981ರಲ್ಲಿ ಬ್ರಿಟನ್ನಿನ 'ಸೌಂಡ್ಸ್' ವಾರಪತ್ರಿಕೆಯ ಪುರವಣಿಯಾಗಿ ಬಂದ ಅದರ ಹೆಸರೇ ಎಲೆಕ್ಟ್ರಿಕ್ ಗಿಟಾರ್ ಬಾರಿಸಿದಾಗ ಹೊರಡೋ ಸದ್ದು. ಆ ಸದ್ದಿಗೆ ಅಕ್ಷರ ಬಿರಿದಿದೆ. 'ಸಂಗೀತ ಸಮಾಚಾರ' ಅನ್ನೋ ಹೆಸರಿಗೆ ಅದೇ ಬಿರುಕು ಹಾಕಿದ್ರೆ ಅಚ್ಚು ಕೆಟ್ಟಿದೆ ಅನ್ಕೋತಾರೆ, ಅಷ್ಟೇ.

ಕೆಂಪುಚೌಕ: ಒಳಗಿರೋದು ಯಾವ ಪ್ರಕಾರದ ಸಂಗೀತ ಅಂತ ಹೇಳೋ ಹೊರೆ ಮಾಸ್ಟ್‌ಹೆಡ್‌ಗೇ ಯಾಕೆ? 1986ರ ಬ್ರಿಟಿಷ್ ಸಂಗೀತ ಪತ್ರಿಕೆ 'ಕ್ಯೂ' (Q) ನೋಡಿ: ಕೆಂಪು ಚೌಕ, ಒಂದೇ ಬಿಳಿ ಅಕ್ಷರ. ರೆಕಾರ್ಡ್ ಹಚ್ಚೋ ಮುನ್ನ ಸಿದ್ಧ ಮಾಡ್ಕೊಳ್ಳೋ ಅರ್ಥದಲ್ಲಿ ಇಂಗ್ಲಿಷಿನ ಮೂರಕ್ಷರದ 'ಕ್ಯೂ' (Cue) ಇಡಬೇಕು ಅಂತಿತ್ತು. ಸ್ನೂಕರ್ ಆಡೋ ಕೋಲಿಗೂ ಅದೇ ಹೆಸರು, ಸ್ನೂಕರ್ ಪತ್ರಿಕೆ ಅನ್ಕೊಂಡಾರು ಅಂತ ಒಂದಕ್ಷರಕ್ಕೆ ಇಳಿಸಿದ್ರು. ಅಂಗಡಿಯಲ್ಲಿ ಒಂದರ ಮೇಲೊಂದು ಒರಗಿಸಿಟ್ಟಾಗ ಎಡಗಡೆ ಮೂರನೇ ಒಂದು ಭಾಗ ಮಾತ್ರ ಕಾಣೋದು. ಅಷ್ಟರಲ್ಲೇ ಇಡೀ ಹೆಸರು ಮುಗಿಯುತ್ತೆ!

ಅಚ್ಚುಮೊಳೆ: ಸರಿ, ಆದ್ರೆ ಆ ಚೌಕ ನೋಡಿದ್ರೆ ಒಳಗೆ ಯಾವ ಸಂಗೀತ ಅಂತ ಗೊತ್ತಾಗಲ್ಲ. ಅದನ್ನು ಮುಖಪುಟದ ಫೋಟೋ ಹೇಳಬೇಕು. ಯಾರೂ ಕೇಳಿರದ ಬ್ಯಾಂಡಿನ ಫೋಟೋ ಹಾಕೋ ಹೊಸ ಪತ್ರಿಕೆಗೆ ಅದು ದುಬಾರಿ.

ಶಾಯಿಡಬ್ಬ: ಬಿರುಕೇ ಬೇಕು ಅನ್ನೋರಿಗೆ ಮುದ್ರಣದ ಮಾತು. ಅಕ್ಷರ ನಾಲ್ಕು ಬಣ್ಣದ ಮಿಶ್ರಣದಲ್ಲಿದ್ದು ಒಳಗಿನ ಬಿರುಕು ಕಾಲು ಪಾಯಿಂಟಿನ (ಪಾಯಿಂಟ್ ಅಂದ್ರೆ ಅಚ್ಚಿನ ಅಳತೆ) ಬಿಳಿ ಗೆರೆ ಆಗಿದ್ರೆ ಉಳಿಯಲ್ಲ. ಬಣ್ಣಕ್ಕೊಂದರಂತೆ ಇರೋ ಅಚ್ಚಿನ ಪ್ಲೇಟ್ ಕೂದಲೆಳೆ ಸರಿದ್ರೂ ಸಾಕು, ಶಾಯಿ ಹರಡಿ ಮುಚ್ಚಿಬಿಡುತ್ತೆ. ಕನಿಷ್ಠ 1 ಪಾಯಿಂಟ್ ಇಡಿ. ಕೆಂಪಾದ್ರೆ ಶೇ. 100 ಮಜೆಂಟಾ (ನೇರಳೆಗೆಂಪು), ಶೇ. 100 ಹಳದಿ ಸಾಕು, ಎರಡೇ ಪ್ಲೇಟ್. ಆಮೇಲೆ 25 ಮಿ.ಮೀ. ಅಗಲಕ್ಕೆ ಕುಗ್ಗಿಸಿ ಪ್ರಿಂಟ್ ತೆಗೆದು ನೋಡಿ. ಓದಕ್ಕಾಗದಿದ್ರೆ ಚಿಕ್ಕ ಅಳತೆಗೆ ಎರಡೇ ಬಿರುಕಿನ ಬೇರೆ ಚಿತ್ರ ಬರೀಬೇಕು. ದೊಡ್ಡದನ್ನೇ ಕುಗ್ಗಿಸಿದ್ರೆ ಆಗಲ್ಲ.

ಒತ್ತಕ್ಷರ: ಕನ್ನಡದಲ್ಲಿ ಇನ್ನೊಂದು ತಾಪತ್ರಯ. 'ದ'ದ ಹೊಟ್ಟೆ ಕೆಳಗೆ ಬಿರುಕು ಬಿದ್ರೆ ಅದು 'ಧ', 'ಡ' ಹೋಗಿ 'ಢ'. 'ನಾದ' ಅಂತ ಇಟ್ಟ ಹೆಸರು 'ನಾಧ' ಆಗುತ್ತೆ! ಬಿರುಕನ್ನು ಪಕ್ಕದ ದಪ್ಪ ಗೆರೆಯಲ್ಲಿ ಓಡಿಸಿ, ತಳ ಮುಟ್ಟಬೇಡಿ.

ಕೆಂಪುಚೌಕ: ಇದು ಹೊಳೆದಿರಲಿಲ್ಲ. ಆದ್ರೂ ಕೇಳ್ತೀನಿ, ಅಮೆರಿಕದ ಸಂಗೀತ ಪತ್ರಿಕೆ 'ರೋಲಿಂಗ್ ಸ್ಟೋನ್' ಕಥೆ ಏನು? 1967ರಲ್ಲಿ ಅದರ ಸುರುಳಿ ಅಕ್ಷರ ಬರೆದವರು ಸೈಕೆಡೆಲಿಕ್ (ಭ್ರಮೆ ಹುಟ್ಟಿಸೋ ಬಣ್ಣ-ಸುರುಳಿಗಳ) ಪೋಸ್ಟರ್ ಕಲಾವಿದ ರಿಕ್ ಗ್ರಿಫಿನ್. ಸ್ಯಾನ್ ಫ್ರಾನ್ಸಿಸ್ಕೋದ ಆ ಗಾಳಿ ಯಾವತ್ತೋ ಹೋಯ್ತು, ಮುಖಪುಟಕ್ಕೆ ರ‍್ಯಾಪ್ ಬಂತು, ಪಾಪ್ ಬಂತು. ಅಕ್ಷರದ ಸುರುಳಿ ಬಾಲ ಮಾತ್ರ ಹಾಗೇ ಇದೆಯಲ್ಲ?

ಅಚ್ಚುಮೊಳೆ: ಹಾಗೇ ಇಲ್ಲ ಸಾರ್. 1981ರಲ್ಲಿ ಅಕ್ಷರ ವಿನ್ಯಾಸಕ ಜಿಮ್ ಪಾರ್ಕಿನ್ಸನ್ ಅದನ್ನು ಮತ್ತೆ ಬರೆದ್ರು. ಪ್ರಕಾರದ ವಾಸನೆ ತೆಗೆದು ಗುರುತು ಉಳಿಸಿಕೊಂಡ್ರು. ಮೊದಲ ಸಂಚಿಕೆಯಲ್ಲೇ ಆ ಸವಲತ್ತು ಸಿಗಲ್ಲ.

ಒತ್ತಕ್ಷರ: ಫೋಟೋದ ತಲೆ ಹೆಸರಿನ ಮೇಲೆ ಬರೋ ಹಾಗೆ ಕೂರಿಸೋದೂ ಅಷ್ಟೇ, ಹಳೇ ಪತ್ರಿಕೆಗೆ ನಡೆಯುತ್ತೆ. ನಮ್ಮಲ್ಲಿ ತಲೆ ಮೊದಲು ನುಂಗೋದು ಒತ್ತನ್ನೇ. ಹೆಸರು ಹುಡುಕುವಾಗಲೇ ಒತ್ತಿಲ್ಲದ್ದನ್ನು ಆರಿಸಿ.