ಬಿಪಿ ಮಾತ್ರೆ ತಗೊಂಡ್ರೆ ಗಡ್ಡೆಗೆ ರಕ್ತ ಜಾಸ್ತಿ ಹೋಗುತ್ತಾ?

ಪ್ರಶ್ನೆ: ನಮಸ್ತೆ ಮೇಡಂ, ನಮ್ಮಪ್ಪಂಗೆ ಗಂಟಲು ಕ್ಯಾನ್ಸರ್, ರೇಡಿಯೇಶನ್ ಶುರುವಾಗಿದೆ. ಮೊದ್ಲಿಂದ್ಲೂ ಬಿಪಿಗೆ ಆಮ್ಲೋಡಿಪಿನ್ ತಗೋತಾರೆ. ಅದು ರಕ್ತನಾಳ ಹಿಗ್ಗಿಸುತ್ತೆ, ಗಡ್ಡೆಗೆ ರಕ್ತ ಹೋಗಿ ಬೆಳೆಯುತ್ತೆ, ನಿಲ್ಸಿ ಅಂತಾರೆ ಚಿಕ್ಕಪ್ಪ. ಪಕ್ಕದ್ಮನೆಯವ್ರು ರಕ್ತ ಹೋದ್ರೇನೇ ರೇಡಿಯೇಶನ್ ಹಿಡಿಯೋದು ಅಂತಾರೆ. ಯಾರ್ ಮಾತು ಕೇಳ್ಲಿ?

ಉತ್ತರ (ರೇಡಿಯೇಶನ್ ಡಾಕ್ಟರ್): ಮಾತ್ರೆ ನಿಲ್ಲಿಸ್ಬೇಡಿ, ಮಿಕ್ಕಿದ್ದು ಆಮೇಲೆ. ಪಕ್ಕದ್ಮನೆಯವ್ರು ಹೇಳಿದ್ರಲ್ಲಿ ಹುರುಳಿದೆ. ರಕ್ತದ ಜೊತೆ ಬರೋ ಆಕ್ಸಿಜನ್ ಸಿಗದ ಕ್ಯಾನ್ಸರ್ ಕೋಶ ಸಾಯಿಸೋಕೆ ಎರಡೂವರೆಯಿಂದ ಮೂರು ಪಟ್ಟು ರೇಡಿಯೇಶನ್ ಡೋಸ್ ಬೇಕಾಗುತ್ತೆ. 1955ರಲ್ಲೇ ಥಾಮ್ಲಿನ್ಸನ್, ಗ್ರೇ ಅನ್ನೋ ವಿಜ್ಞಾನಿಗಳು ಶ್ವಾಸಕೋಶದ ಗಡ್ಡೆಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದ್ರು, ರಕ್ತ ಸಿಗೋ ಜಾಗದಿಂದ ಮಿಲಿಮೀಟರಿನ ಐದನೇ ಒಂದು ಭಾಗ ದಾಟಿದ್ರೆ ಸಾಕು, ಅಲ್ಲಿ ಬರೀ ಸತ್ತ ಕೋಶ.

ಹಾಗಂತ ನಾಳ ಹಿಗ್ಗಿಸಿದ್ರೆ ಗಡ್ಡೆಗೆ ರಕ್ತ ಜಾಸ್ತಿ ಹೋಗುತ್ತೆ ಅನ್ಕೋಬೇಡಿ, ಎಷ್ಟೋ ಸಲ ಆಗೋದು ಉಲ್ಟಾ. ಗಡ್ಡೆಯ ನಾಳಗಳು ಅಡ್ಡಾದಿಡ್ಡಿ ಹುಟ್ಟಿದ್ದು, ಸುತ್ತ ಸರಿಯಾದ ಸ್ನಾಯು ಇರಲ್ಲ, ಹಾಗಾಗಿ ಔಷಧಿಗೆ ಬಗ್ಗಲ್ಲ. ಹಿಗ್ಗೋದು ಮೈಯ ಬೇರೆ ನಾಳಗಳು. ಬೀದಿಯ ಎಲ್ಲಾ ಮನೆಯವ್ರೂ ನಲ್ಲಿ ಪೂರ್ತಿ ತಿರುಗ್ಸಿದ್ರೆ ಕೊನೇ ಮನೆಗೆ ನೀರು ಸಣ್ಣಗಾಗುತ್ತಲ್ಲ, ಹಂಗೆ ರಕ್ತದ ಒತ್ತಡ ಇಳಿದು ಗಡ್ಡೆಗೇ ರಕ್ತ ಕಮ್ಮಿ. ನಾಳ ಹಿಗ್ಗಿಸೋ ಇನ್ನೊಂದು ಬಿಪಿ ಔಷಧಿ ಹೈಡ್ರಲಜೀನ್ ಕೊಟ್ಟ ಇಲಿಗಳಲ್ಲಿ ಇದನ್ನ ಚೆನ್ನಾಗಿ ತೋರ್ಸಿದಾರೆ. ಅವು ದೊಡ್ಡ ಡೋಸ್, ಅಪ್ಪನ ದಿನದ ಮಾತ್ರೆಗೆ ಅದನ್ನ ಅಳತೆ ಹಿಡಿಯೋಕಾಗಲ್ಲ. ಊಟ ಸೇರದೆ ಬಿಪಿ ತೀರಾ ಇಳಿದು ತಲೆ ಸುತ್ತು ಬಂದ್ರೆ ಮಾತ್ರ ನಿಮ್ಮ ಡಾಕ್ಟ್ರಿಗೆ ಹೇಳಿ, ಡೋಸ್ ಅವ್ರು ನೋಡ್ತಾರೆ.

ಪ್ರಶ್ನೆ: ಎದೆನೋವಿನವ್ರು ಹಚ್ಕೊಳ್ಳೋ ನೈಟ್ರೋಗ್ಲಿಸರಿನ್ ಪಟ್ಟಿ ಹಾಕಿದ್ರೆ ಕ್ಯಾನ್ಸರ್ ಔಷಧಿ ಚೆನ್ನಾಗಿ ಹಿಡಿಯುತ್ತಂತೆ, ವಾಟ್ಸಾಪಲ್ಲಿ ಬಂದಿತ್ತು.

ಉತ್ತರ: ಅದು ಪೂರ್ತಿ ಸುಳ್ಳಲ್ಲ, ಅರ್ಧ ಕಥೆ. ಜಪಾನಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋ ಜೊತೆ ಕೊಟ್ಟಾಗ ಗುಣ ಕಂಡಿತ್ತು, ಆಮೇಲೆ ನೆದರ್‌ಲ್ಯಾಂಡ್ಸಲ್ಲಿ, ಆಸ್ಟ್ರೇಲಿಯಾದಲ್ಲಿ ಮಾಡಿ ನೋಡಿದ್ರೆ ಏನೂ ಲಾಭ ಸಿಗ್ಲಿಲ್ಲ. ನೀವಾಗೇ ಹಚ್ಬೇಡಿ. ಕೈಹಿಡಿದಿದ್ದು ಬೇರೆ ದಾರಿ. ಬ್ರಿಟನ್ನಿನಲ್ಲಿ ಮೂತ್ರಕೋಶದ ಕ್ಯಾನ್ಸರಿನವ್ರಿಗೆ ರೇಡಿಯೇಶನ್ ಹೊತ್ತಿಗೆ ಕಾರ್ಬೋಜನ್ ಅನ್ನೋ ಆಕ್ಸಿಜನ್ ತುಂಬಿದ ಗಾಳಿ ಉಸಿರಾಡ್ಸಿ, ಜೊತೆಗೆ ನಿಕೋಟಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಮಾತ್ರೆ ಕೊಟ್ರು. 3 ವರ್ಷಕ್ಕೆ ಬದುಕಿದ್ದೋರು ಶೇ. 59, ಬರೀ ರೇಡಿಯೇಶನ್ ಆದೋರಲ್ಲಿ ಶೇ. 46. ಈ ನಿಕೋಟಿನಮೈಡ್ ಗಡ್ಡೆಯೊಳಗೆ ಆಗಾಗ ಮುಚ್ಕೊಳ್ಳೋ ಸಣ್ಣ ನಾಳ ಮುಚ್ಚದ ಹಾಗೆ ನೋಡ್ಕೊಳ್ಳುತ್ತೆ. ಅಂದಹಾಗೆ ಅಪ್ಪನ ಹಿಮೋಗ್ಲೋಬಿನ್ ಎಷ್ಟಿದೆ, ಬೀಡಿ ಸಿಗರೇಟು ಇದೆಯಾ?

ಪ್ರಶ್ನೆ: ಹಿಮೋಗ್ಲೋಬಿನ್ 10.2. ಬೀಡಿ ಕಮ್ಮಿ ಮಾಡಿದಾರೆ ಮೇಡಂ, ಬಿಟ್ಟಿಲ್ಲ.

ಉತ್ತರ: ಚಿಕ್ಕಪ್ಪಂಗೆ ಮಾತ್ರೆ ಬಿಟ್ಟು ಆ ಬೀಡಿ ಬಿಡ್ಸೋಕೆ ಜಗಳ ಆಡೋಕೆ ಹೇಳಿ. ಬೀಡಿ ಹೊಗೆಯ ಕಾರ್ಬನ್ ಮೋನಾಕ್ಸೈಡು ರಕ್ತದಲ್ಲಿ ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್ನಿಗೆ ಅಂಟ್ಕೊಂಡು ಆಕ್ಸಿಜನ್ ಜಾಗ ಹಿಡಿಯುತ್ತೆ, ಅಪ್ಪಂಗೆ ಇರೋದೇ ಕಮ್ಮಿ, 10.2. ರೇಡಿಯೇಶನ್ ಮುಗಿಯೋವರ್ಗಾದ್ರೂ ಒಂದೂ ಬೇಡ.