ದಿನಾ ಹತ್ತು ನಿಮಿಷ ಮೈಂಡ್‌ಫುಲ್‌ನೆಸ್: ಅತ್ತಿಗೆ ಕೇಳಿದ್ದಕ್ಕೆ

ಅತ್ತಿಗೆ, ನಿಮ್ಮ ಮೆಸೇಜ್ ನೋಡಿದೆ. ಏಳನೇ ಕ್ಲಾಸಿಗೆ ದಿನಾ ಮೊದಲನೇ ಪಿರಿಯಡ್‌ಗೆ ಮುಂಚೆ ಹತ್ತು ನಿಮಿಷ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಶಬ್ದ, ಉಸಿರು, ಮೈ ಕಡೆ ಗಮನ ಇಡೋ ಅಭ್ಯಾಸ) ಮಾಡಿಸಿ ಅಂತ ಶಾಲೆಯವರು ಅಂದಿದ್ದಾರೆ, ನಲವತ್ತು ಮಕ್ಕಳಿದ್ದಾರೆ, ಹೇಗೆ ಮಾಡಿಸೋದು ಅಂತ ಕೇಳಿದ್ರಿ. ಕೆಳಗಡೆ ಅಣ್ಣ ಕೇಳಿದ್ದು, ಕಣ್ಣು ಮುಚ್ಚಿ ಕೂರಿಸಿಬಿಟ್ರೆ ಮಕ್ಕಳ ಡಿಪ್ರೆಶನ್ ಹೋಗತ್ತಾ ಅಂತ. ಉತ್ತರ ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಕೇಳಿ.

ಮೊದಲು ಅಣ್ಣನ ಪ್ರಶ್ನೆ. ಹೋಗಲ್ಲ ಅಣ್ಣ. ಬ್ರಿಟನ್ನಿನಲ್ಲಿ ಮಿರಿಯಡ್ ಅಂತ ದೊಡ್ಡ ಅಧ್ಯಯನ ಆಯ್ತು, ಫಲಿತಾಂಶ ಬಂದಿದ್ದು 2022ರಲ್ಲಿ. 11ರಿಂದ 13 ವರ್ಷದ 8,000ಕ್ಕೂ ಹೆಚ್ಚು ಮಕ್ಕಳು. ಕೆಲವು ಶಾಲೆಗಳಲ್ಲಿ 10 ಪಾಠದ ಮೈಂಡ್‌ಫುಲ್‌ನೆಸ್ ಕೋರ್ಸ್, ಉಳಿದ ಶಾಲೆಗಳಲ್ಲಿ ಅವರು ಮಾಮೂಲಾಗಿ ಹೇಳಿಕೊಡ್ತಿದ್ದ ಭಾವನೆ-ನಡವಳಿಕೆಯ ಪಾಠ. ವರ್ಷ ಬಿಟ್ಟು ನೋಡಿದ್ರೆ ಖಿನ್ನತೆಯ ಅಪಾಯದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಇರಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೊದಲೇ ಮನಸ್ಸಿನ ಕಷ್ಟದಲ್ಲಿದ್ದ ಮಕ್ಕಳಿಗೆ ಇದರಿಂದ ಸ್ವಲ್ಪ ತೊಂದರೆಯೇ ಆಗಿರಬಹುದು ಅನ್ನೋ ಸೂಚನೆಯೂ ಸಿಕ್ತು. ಲಾಭ ಕಂಡಿದ್ದು ಟೀಚರುಗಳಲ್ಲಿ, ಅವರ ಸುಸ್ತು-ಬೇಸರ ಒಂದಷ್ಟು ದಿನ ಕಡಿಮೆ ಆಯ್ತು.

ಇದಕ್ಕೆ ಕಾರಣ ಇದೆ. ಈ ಪದ್ಧತಿಯನ್ನ 1979ರಲ್ಲಿ ಅಮೆರಿಕದಲ್ಲಿ ಜಾನ್ ಕಬಾಟ್-ಝಿನ್ ಅನ್ನೋ ವಿಜ್ಞಾನಿ ಆಸ್ಪತ್ರೆಗೆ ತಂದಿದ್ದು ದೊಡ್ಡವರಿಗೆ. ಎಂಟು ವಾರ, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ, ಅದೂ ನೋವು ತಡೆಯಕ್ಕಾಗದೆ ತಾವೇ ಒಪ್ಪಿ ಬಂದವರಿಗೆ. ಶಾಲೆಯಲ್ಲಿ ಮಗು ಕೂರೋದು ಬೆಲ್ ಹೊಡೀತು ಅಂತ. ಅದಕ್ಕೇ ಇದನ್ನ ಚಿಕಿತ್ಸೆ ಅಂದ್ಕೊಳ್ಳೋದು ಬೇಡ. ಕೋಪ ಬಂತು, ಹೆದರಿಕೆ ಆಯ್ತು ಅನ್ನೋದು ಕೈ ಎತ್ತೋಕೆ ಮುಂಚೆ ಮಗುವಿಗೆ ಗೊತ್ತಾಗೋದು, ಉಸಿರು ನಿಧಾನ ಮಾಡ್ಕೊಳ್ಳೋಕೆ ಬರೋದು, ಇಷ್ಟು ಕಲಿತರೆ ಸಾಕು, ಅದು ಕಲಿಯಬೇಕಾದ್ದೇ. ಅಷ್ಟಕ್ಕೆ ಹೇಗೆ ಮಾಡಿಸೋದು ಅಂತ ಹೇಳ್ತೀನಿ.

ಹತ್ತು ನಿಮಿಷ ಅಂದ್ರೆ ಹತ್ತೂ ನಿಮಿಷ ಮೌನ ಬೇಡ ಅತ್ತಿಗೆ. ಮೊದಲನೇ ವಾರ ಮೌನ ಒಂದೇ ನಿಮಿಷ. ತಿಂಗಳು ಕಳೆಯೋ ಹೊತ್ತಿಗೆ ಮೂರು. ಮೊದಲನೇ ಟರ್ಮ್‌ನಲ್ಲಿ ಐದು ದಾಟಲೇಬೇಡಿ. ಮಿಕ್ಕಿದ್ದು ಮೈ ಸಡಿಲ ಮಾಡೋಕೆ, ಮಾತಿಗೆ. ಓಡಿಬಂದ ಮಕ್ಕಳ ಎದೆ ಇನ್ನೂ ಹೊಡ್ಕೊಳ್ತಿರತ್ತೆ, ತಕ್ಷಣ ಕೂರಿಸಿದ್ರೆ ಚಡಪಡಿಸ್ತಾರೆ. ಮೊದಲ ಎರಡು ನಿಮಿಷ ನಿಲ್ಲಿಸಿ, ಕೈ ಮೇಲೆತ್ತಿಸಿ, ಭುಜ ಕಿವಿಯ ಹತ್ರ ತಂದು ಐದು ಎಣಿಸಿ ಬಿಡಿಸಿ, ಮೂರು ಸಲ. ಆಮೇಲೆ ಕೂರಲಿ. ಪಾದ ಎರಡೂ ನೆಲದ ಮೇಲೆ, ಕೈ ತೊಡೆ ಮೇಲೋ ಡೆಸ್ಕ್ ಮೇಲೋ. ಕಣ್ಣು ಮುಚ್ಚಲೇಬೇಕು ಅಂತ ಹೇಳಬೇಡಿ. "ಬೇಕಾದ್ರೆ ಮುಚ್ಚಿ, ಬೇಡ ಅಂದ್ರೆ ಡೆಸ್ಕ್ ಮೇಲೆ ಒಂದು ಜಾಗ ನೋಡ್ತಿರಿ" ಅನ್ನಿ. ನಿಮ್ಮ ಕಣ್ಣು ಮಾತ್ರ ತೆರೆದೇ ಇರಲಿ. ಫೋನ್ ನೋಡ್ಕೊಂಡು ಓದಿ ಹೇಳೋದೂ ಬೇಡ, ಯಾವ ಮಗುವಿಗೆ ಏನಾಗ್ತಿದೆ ಅಂತ ಕಾಣಬೇಕಲ್ಲ.

ಶುರು ಶಬ್ದದಿಂದ ಮಾಡಿ, ಉಸಿರಿನಿಂದ ಬೇಡ. ಒಂದು ಗಂಟೆ ಬಾರಿಸಿ, ನಾದ ಪೂರ್ತಿ ನಿಂತಾಗ ಬೆರಳೆತ್ತಿ ಅನ್ನಿ. ಆಮೇಲೆ ದೂರದ ಒಂದು ಶಬ್ದ, ರೂಮಿನೊಳಗಿನ ಒಂದು ಶಬ್ದ, ತಮ್ಮ ಹತ್ತಿರದ್ದು ಒಂದು. ಎರಡು ವಾರ ಇಷ್ಟೇ ಸಾಕು.

ಮೂರನೇ ವಾರ ಉಸಿರು. ಇಲ್ಲೇ ಎಲ್ಲರೂ ಎಡವೋದು. "ದೀರ್ಘವಾಗಿ ಉಸಿರು ಎಳ್ಕೊಳ್ಳಿ" ಅಂತೀವಿ, ಮಕ್ಕಳು ಭುಜ ಎತ್ತಿ ಗಾಳಿ ನುಂಗಿದ ಹಾಗೆ ಜೋರಾಗಿ ಎಳೀತಾರೆ, ಎಂಟು ಹತ್ತು ಸಲ ಹಾಗೆ ಮಾಡಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತತ್ತೆ, ಬೆರಳ ತುದಿ ಜುಮ್ ಅನ್ನತ್ತೆ. ಮೊದಲೇ ಗಾಬರಿ ಸ್ವಭಾವದ ಮಗು ಆದ್ರೆ ಅದೇ ಹೆದರಿಕೆಗೆ ದಾರಿ. ಅದಕ್ಕೆ ಎಳೆಯೋದರ ಮಾತೇ ಆಡಬೇಡಿ, ಬಿಡೋದರ ಬಗ್ಗೆ ಹೇಳಿ. ಉಸಿರು ತಾನಾಗಿ ಒಳಗೆ ಬರಲಿ, ಸುಮಾರು ಮೂರು ಎಣಿಕೆ. ಹೊರಗೆ ಬಿಡುವಾಗ ನಾಲ್ಕೋ ಐದೋ. ಹಿಡಿದಿಟ್ಟುಕೊಳ್ಳೋದು ಬೇಡವೇ ಬೇಡ. ಉಸಿರು ಬಿಡುವಾಗ ವೇಗಸ್ ನರದ (ಮೆದುಳಿನಿಂದ ಹೃದಯಕ್ಕೆ ಹೋಗೋ ನರ) ಕೆಲಸ ಜಾಸ್ತಿಯಾಗಿ ಹೃದಯದ ಬಡಿತ ನಿಧಾನ ಆಗತ್ತೆ, ಬಿಡೋದನ್ನ ಉದ್ದ ಮಾಡೋದು ಅದಕ್ಕೇ. ಆರು ಸಲ ಮಾಡಿದ್ರೆ ಸಾಕು. ಅಸ್ತಮಾ ಇರೋ ಮಕ್ಕಳು, ಉಸಿರಿನ ಕಡೆ ಗಮನ ಕೊಟ್ರೇ ಕಿರಿಕಿರಿ ಆಗೋರು, ಪಾದ ನೆಲಕ್ಕೆ ಒತ್ತಿರೋದನ್ನ ಗಮನಿಸಲಿ. ಅದೇನೂ ಕಡಿಮೆ ಅಭ್ಯಾಸ ಅಲ್ಲ, ಹಾಗಂತ ಇಡೀ ಕ್ಲಾಸಿಗೆ ಹೇಳಿಬಿಡಿ.

ಮನಸ್ಸು ಖಾಲಿ ಮಾಡಿ ಅಂತ ಹೇಳಿದ್ರೆ ಯಾರಿಗೂ ಆಗಲ್ಲ, ಆಗಲಿಲ್ಲ ಅಂತ ಮಗು ತನ್ನನ್ನೇ ಬೈಕೊಳ್ಳತ್ತೆ. ಗಮನ ಎಲ್ಲೋ ಹೋಗಿತ್ತು ಅಂತ ಗೊತ್ತಾಗಿ ವಾಪಸ್ ಬರೋದೇ ಅಭ್ಯಾಸ, ಇಪ್ಪತ್ತು ಸಲ ಹೋದ್ರೆ ಇಪ್ಪತ್ತು ಸಲ ಬರೋದು. ಕೊನೆಗೆ "ಶಾಂತ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಒಟ್ಟಿಗೆ "ಹೌದು ಮಿಸ್" ಅಂತಾರೆ, ಏನೂ ಗೊತ್ತಾಗಲ್ಲ. "ಏನು ಗಮನಕ್ಕೆ ಬಂತು?" ಅನ್ನಿ. ಬೋರ್ ಆಯ್ತು ಅಂದ್ರೆ ಒಳ್ಳೇದೇ, ಬೋರ್ ಆದಾಗ ಮೈಯಲ್ಲಿ ಎಲ್ಲಿ ಗೊತ್ತಾಗತ್ತೆ ಅಂತ ಕೇಳಿ. ಹೇಳೋಕೆ ಇಷ್ಟ ಇಲ್ಲದವರನ್ನ ಬಿಟ್ಟುಬಿಡಿ. ಮೊದಲ ವಾರ ಕಿಸಕ್ ಅಂತ ನಗ್ತಾರೆ, ಬೈಬೇಡಿ, ತಾನೇ ನಿಲ್ಲತ್ತೆ. ಇನ್ನೊಂದು, ಗಲಾಟೆ ಮಾಡಿದವರಿಗೆ "ಹೋಗಿ ಉಸಿರಾಟ ಮಾಡು" ಅಂತ ಇದನ್ನ ಶಿಕ್ಷೆ ಮಾಡಿದ ದಿನವೇ ನಲವತ್ತು ಮಕ್ಕಳಿಗೂ ಇದು ಬೇಡವಾಗತ್ತೆ. ಬೇರೆ ಪಿರಿಯಡ್‌ನ ಟೀಚರುಗಳಿಗೂ ಈ ಮಾತು ಹೇಳಿಡಿ.

ಈಗ ಮುಖ್ಯವಾದ್ದು. ನಲವತ್ತರಲ್ಲಿ ಯಾರೋ ಒಬ್ಬರಿಗೆ ಮನೆಯಲ್ಲಿ ಹೊಡೆತ ಇರಬಹುದು, ಯಾರನ್ನೋ ಕಳ್ಕೊಂಡಿರಬಹುದು. ಅಂಥ ಮಗುವಿಗೆ ಮೌನ ಅಂದ್ರೆ ಅದೇ ನೆನಪು ನುಗ್ಗಿ ಬರೋ ಹೊತ್ತು. ಉಸಿರು ಚಿಕ್ಕದಾಗಿ ಬೇಗ ಬೇಗ ಓಡೋದು, ಬೆವರು, ಕಣ್ಣೀರು, ಇವು ಕಾಣತ್ತೆ. ಕಾಣದೇ ಹೋಗೋದು ಅಲ್ಲಾಡದೆ ಒಂದೇ ಕಡೆ ದಿಟ್ಟಿಸ್ತಾ ಹೆಸರು ಕರೆದ್ರೂ ಓಗೊಡದ ಮಗು. ಎಷ್ಟು ಚೆನ್ನಾಗಿ ಮಾಡ್ತಿದೆ ಅಂದ್ಕೊಂಡುಬಿಡ್ತೀವಿ. ಹಾಗೆ ಕಂಡ್ರೆ ಇಡೀ ಕ್ಲಾಸಿಗೆ ಅಭ್ಯಾಸ ಮುಗಿಸಿ. ಆ ಮಗುವಿಗೆ "ಆಳವಾಗಿ ಉಸಿರಾಡು" ಅನ್ನಬೇಡಿ, ಕೇಳದೆ ಮುಟ್ಟಬೇಡಿ. ಮೆತ್ತಗೆ ಹೆಸರು ಕರೀರಿ, ಕಾಣೋ ಐದು ವಸ್ತು ಹೆಸರಿಸೋಕೆ ಹೇಳಿ, ಪಾದ ಒತ್ತಿಸಿ, ತಣ್ಣಗಿರೋ ಡೆಸ್ಕ್ ಮುಟ್ಟಿಸಿ, ನೀರು ಕೊಡಿ. ಅವತ್ತೇ ಕೌನ್ಸೆಲರ್‌ಗೆ ತಿಳಿಸಿ. ಜ್ವರ ಬಂದ ಮಗುವಿಗೆ ಡ್ರಿಲ್ ಮಾಡಿಸಿದ ಹಾಗೆ "ಇನ್ನೂ ಜಾಸ್ತಿ ಅಭ್ಯಾಸ ಮಾಡು" ಅಂತ ಮಾತ್ರ ಹೇಳಬೇಡಿ. ಸಾಯಬೇಕು ಅನ್ಸತ್ತೆ ಅಂತ ಮಗು ಹೇಳಿದ್ರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಒಂಟಿಯಾಗಿ ಬಿಡಬೇಡಿ, ಅದೇ ಗಳಿಗೆ ಹೆಡ್‌ ಮಾಸ್ಟರಿಗೆ, ಕೌನ್ಸೆಲರ್‌ಗೆ ಹೇಳಿ. ಮನೆಯವರನ್ನೂ ಕರೆಸಬೇಕು, ಆದ್ರೆ ಕಷ್ಟ ಮನೆಯವರಿಂದಲೇ ಇದ್ರೆ ಯಾರಿಗೆ, ಯಾವಾಗ ಹೇಳೋದು ಅಂತ ಹೆಡ್ ಮಾಸ್ಟರ್, ಕೌನ್ಸೆಲರ್ ಜೊತೆ ಕೂತು ತೀರ್ಮಾನ ಮಾಡಿ. ಕೌನ್ಸೆಲರ್ರೇ ಇಲ್ಲ ಅನ್ನೋದಾದ್ರೆ, ಮಗುವನ್ನ ಯಾರ ಹತ್ರ ಕಳಿಸೋದು ಅಂತ ಶುರು ಮಾಡೋಕೆ ಮುಂಚೆಯೇ ಆಡಳಿತದವರ ಹತ್ರ ಬರೆಸ್ಕೊಳ್ಳಿ. ಅದಿಲ್ಲದೆ ಮೌನಕ್ಕೆ ಕೂರಿಸೋದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನೀವೂ ಇವತ್ತಿಂದಲೇ ದಿನಾ ಹತ್ತು ನಿಮಿಷ ಕೂತ್ಕೊಳ್ಳಿ. ಮನಸ್ಸು ಎಷ್ಟು ಓಡತ್ತೆ ಅಂತ ಸ್ವತಃ ನೋಡಿದವರ ದನಿಯಲ್ಲಿ ಅವಸರ ಇರಲ್ಲ, ಮಕ್ಕಳಿಗೆ ಅದು ತಕ್ಷಣ ಗೊತ್ತಾಗತ್ತೆ.

ಪೋಷಕರಿಗೆ ಒಂದು ಚೀಟಿ ಕಳಿಸಿ. ಮಂತ್ರ, ಪ್ರಾರ್ಥನೆ, ದೇವರ ಹೆಸರು ಯಾವುದೂ ಇಲ್ಲ, ಬೇಡ ಅಂದ ಮಗು ಸುಮ್ಮನೆ ಚಿತ್ರ ಬರೀಬಹುದು ಅಂತ ಬರೀರಿ. ಉಪಯೋಗ ಆಗ್ತಿದ್ಯಾ ಅಂತ ತಿಳಿಯೋಕೆ ಮಾರ್ಕ್ಸ್ ನೋಡಬೇಡಿ. ತಿಂಗಳ ಕೊನೆಗೆ ಹೆಸರಿಲ್ಲದ ಚೀಟಿಯಲ್ಲಿ ಒಂದೇ ಪ್ರಶ್ನೆ ಕೇಳಿ: "ಕಳೆದ ವಾರ ಈ ರೂಮಿನ ಹೊರಗೆ ಇದನ್ನ ಎಲ್ಲಾದ್ರೂ ಬಳಸಿದ್ರಾ, ಎಲ್ಲಿ?" ಹೆಚ್ಚಿನ ಚೀಟಿ ಖಾಲಿ ಬಂದ್ರೆ ಮೌನದ ಸಮಯ ಹೆಚ್ಚಿಸಬೇಡಿ, ಅರ್ಧ ಮಾಡಿ. ಉಳಿದ ಹೊತ್ತಲ್ಲಿ ಪರೀಕ್ಷೆ ಹಾಲ್, ಜಗಳ, ರಾತ್ರಿ ನಿದ್ದೆ ಬರದೇ ಇರೋದು, ಹೀಗೆ ಒಂದೊಂದು ಸಂದರ್ಭ ತಗೊಂಡು ಅಲ್ಲಿ ಹೇಗೆ ಮಾಡ್ತೀರಿ ಅಂತ ಅವರಿಂದಲೇ ಹೇಳಿಸಿ.