ಟಿಪ್ಪಣಿಗಳಿರುವ ಹಳೆಯ ಚಿತ್ರಕಥೆ: ಅಸಲಿ ಎಂದು ತಿಳಿಯುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ 1980ರ ದಶಕದ ಕನ್ನಡ ಚಿತ್ರವೊಂದರ ಚಿತ್ರಕಥೆ ಮತ್ತು ಸಂಭಾಷಣೆಯ ಕಟ್ಟನ್ನು ನೋಡಿದೆ. ಬೆರಳಚ್ಚಿನ ಹಾಳೆಗಳ ಅಂಚಿನಲ್ಲಿ ಕೆಂಪು ಶಾಯಿಯ ಶಾಟ್ ಸಂಖ್ಯೆಗಳೂ ಹೊಡೆದುಹಾಕಿದ ಮಾತುಗಳೂ ಇವೆ. ಮೊದಲ ಪುಟದಲ್ಲಿ ನಾಯಕನಟರದ್ದೆನ್ನಲಾದ ಸಹಿಯಿದೆ. ಜೊತೆಗೆ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಮಾಡಿದ ಎರಡು ಸಂಭಾವನೆಯ ವೋಚರುಗಳಿವೆ. ಅಂಗಡಿಯವರು ಸಹಿಯನ್ನೇ ತೋರಿಸಿ ಬೆಲೆ ಹೇಳುತ್ತಿದ್ದಾರೆ. ಅಸಲಿ ಎಂದು ತಿಳಿಯುವುದು ಹೇಗೆ, ಕೊಂಡರೆ ಕಾಪಾಡುವುದು ಹೇಗೆ?

ಉತ್ತರ 1:
ಸಹಿಗಿಂತ ಮೊದಲು ಟಿಪ್ಪಣಿಗಳನ್ನು ಓದಿ. ಸಹಿಯನ್ನು ಯಾರು ಯಾವಾಗ ಬೇಕಾದರೂ ಅನುಕರಿಸಬಹುದು. ಆದರೆ ಯಾವ ಸೀರೆ, ಕೈಯಲ್ಲಿ ಗಡಿಯಾರವಿತ್ತೇ, ಎಷ್ಟನೆಯ ಟೇಕ್ ಓಕೆ ಆಯಿತು ಎಂದು ಸಹಾಯಕ ನಿರ್ದೇಶಕರು ಸೆಟ್ಟಿನಲ್ಲಿ ಅವಸರದಿಂದ ಗುರುತು ಹಾಕಿಕೊಂಡ ಕಂಟಿನ್ಯುಟಿಯನ್ನು (ಶಾಟಿನಿಂದ ಶಾಟಿಗೆ ಉಡುಪು, ವಸ್ತುಗಳು ತಾಳೆಯಾಗಲೆಂದು ಇಡುವ ಲೆಕ್ಕವನ್ನು) ಪುಟಪುಟಕ್ಕೂ ಸೃಷ್ಟಿಸುವುದು ಬಹಳ ಕಷ್ಟ. ಚಿತ್ರವನ್ನು ಹಾಕಿಕೊಂಡು ದೃಶ್ಯದಿಂದ ದೃಶ್ಯಕ್ಕೆ ಹೋಲಿಸಿ. ತೆರೆಗೆ ಬಾರದ ದೃಶ್ಯವೊಂದು ಹಾಳೆಯಲ್ಲಿದ್ದರೆ ಅದು ಒಳ್ಳೆಯ ಲಕ್ಷಣ. ಪ್ರತಿಯೊಂದು ಮಾತೂ ಚಿತ್ರದಲ್ಲಿದ್ದಂತೆಯೇ ಇದ್ದರೆ, ಅದು ಚಿತ್ರ ಮುಗಿದ ಮೇಲೆ ಸೆನ್ಸಾರ್ ಮಂಡಳಿಗಾಗಿ ಸಿದ್ಧಪಡಿಸಿದ ಪ್ರತಿಯಿರಬಹುದು. ಅದಕ್ಕೂ ಬೆಲೆಯುಂಟು, ಆದರೆ ಚಿತ್ರೀಕರಣದ ಪ್ರತಿಯಷ್ಟಲ್ಲ. ವೋಚರಿನಲ್ಲಿ ಸಹಿಯ ಗೆರೆ ಸ್ಟಾಂಪಿನಿಂದ ಕಾಗದಕ್ಕೂ ಹರಿದಿದೆಯೇ, ಪೆನ್ನಿನ ಒತ್ತು ಹಿಂಬದಿಗೆ ಮೂಡಿದೆಯೇ ಎಂದು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ನನ್ನ ಮಟ್ಟಿಗೆ, ಸಹಿಯೇ ಇಲ್ಲದಿದ್ದರೂ ಆ ಕೆಂಪು ಶಾಯಿಗಾಗಿ ಕಟ್ಟನ್ನು ಕೊಳ್ಳಬಹುದು.

ಉತ್ತರ 2:
ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ. ಎರಡೂ ಕಾಗದಕ್ಕೆ ಮಾಡುವ ಹಾನಿಯನ್ನು ಸರಿಪಡಿಸುವುದು ಬಹುಮಟ್ಟಿಗೆ ಅಸಾಧ್ಯ. ಪುಟಗಳ ಕ್ರಮವನ್ನು ಮೊದಲು ಫೋಟೊ ತೆಗೆದುಕೊಂಡು, ಅನಂತರ ತುಕ್ಕು ಹಿಡಿದ ಪಿನ್ನುಗಳನ್ನು ಬಿಡಿಸಿ. ಪಿವಿಸಿ ಕವರುಗಳಿಗೆ ಶಾಯಿ ಅಂಟಿಕೊಳ್ಳುತ್ತದೆಯಾದ್ದರಿಂದ ಪಾಲಿಯೆಸ್ಟರ್ ಕವರನ್ನು ಅಥವಾ ಆಮ್ಲರಹಿತ ಕಾಗದವನ್ನು ಬಳಸಿ. ನಮ್ಮ ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟು ತೇವ ಎಳೆಯುತ್ತದೆ, ಅಲ್ಲಿಡಬೇಡಿ.

ಉತ್ತರ 3:
ಹಾಳೆಗಳು ನಿಮ್ಮದಾದರೂ ಬರಹದ ಹಕ್ಕು ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅದು ಲೇಖಕರ ಮರಣಾನಂತರ 60 ವರ್ಷ ಉಳಿಯುತ್ತದೆ. ಆದ್ದರಿಂದ ಇಡೀ ಚಿತ್ರಕಥೆಯನ್ನು ಅಂತರ್ಜಾಲಕ್ಕೆ ಹಾಕಬೇಡಿ. ವೋಚರುಗಳಲ್ಲಿ ವಿಳಾಸವಿದ್ದರೆ ಅದನ್ನೂ ಪ್ರಕಟಿಸಬೇಡಿ. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಚಿತ್ರಕಥೆಗಳನ್ನೂ ಸಂಗ್ರಹಿಸುತ್ತದೆ. ಮುಂದೆ ಕೊಡುವ ಮನಸ್ಸಾದರೆ ಅವರನ್ನು ಕೇಳಬಹುದು. ಹಣ ಕೊಡುವ ಮುನ್ನ ಈ ಕಟ್ಟು ಯಾರ ಮನೆಯಿಂದ ಅಥವಾ ಗಾಂಧಿನಗರದ ಯಾವ ಚಿತ್ರಸಂಸ್ಥೆಯ ಕಚೇರಿಯಿಂದ ಬಂತೆಂದು ಅಂಗಡಿಯವರನ್ನು ವಿಚಾರಿಸಿ, ಅವರು ಹೇಳಿದ್ದನ್ನು ರಸೀದಿಯಲ್ಲೇ ಬರೆಸಿಕೊಳ್ಳಿ.